ಹುಂಜಕ್ಕೆ ಕೊಕ್ಕಿದೆ

ರೆವಾಲ್ ಊರಿನಲ್ಲಿ ಆ ಫೆಬ್ರವರಿ
ಕುಂಚ ಕಾಗದ ಮುಟ್ಟುವ ಮೊದಲೇ ನೀರು ಕಲ್ಲಾಗುತ್ತಿತ್ತು.
ಗಾಟ್‌ಹಾರ್ಡ್ ಹೋಲ್ಮ್ ಎಂಬ ಚಿತ್ರಗಾರ
ಮುಕ್ಕಾಲು ಮಣೆಯ ಮೇಲೆ, ಎರಡು ಕೋಟಿನೊಳಗೆ,
ಇಗರ್ಜಿಯ ಎದುರು ಕುಳಿತು
ಬಟ್ಟಲಿಗೆ ಉಸಿರೂದುತ್ತಿದ್ದ,
ಹಸಿ ಸೌದೆಯ ಒಲೆ ಊದುವವರ ಹಾಗೆ.

ಇಗರ್ಜಿ ಅಲುಗಲಿಲ್ಲ. ಅದು ಇಗರ್ಜಿಯ ಉಪಕಾರ.
ಮಿಕ್ಕದ್ದೆಲ್ಲ ಅಲುಗುತ್ತಿತ್ತು:
ಉಪ್ಪು ಹೇರಿದ, ಚಕ್ರವಿಲ್ಲದ ಗಾಡಿ,
ಅದನ್ನೆಳೆಯುವ ಕುದುರೆಯ ಮೂಗಿನ ಹೊಗೆ,
ಸೌದೆ ಎಣಿಸಿ, ತಪ್ಪಿ, ಮತ್ತೆ ಒಂದರಿಂದ ಶುರುಮಾಡುವ
ಪಾದ್ರಿ ಮನೆಯ ಅಡುಗೆಯವಳು,
ಮಂಜಿನ ಮೇಲೆ ಬೇಕೆಂದೇ ಜಾರಿ ಬೀಳುವ ಹುಡುಗರು,
ಶವಪೆಟ್ಟಿಗೆಯ ಅಳತೆಗೋಲು ಕಂಕುಳಲ್ಲಿಟ್ಟುಕೊಂಡು
ಬನ್ನು ತಿನ್ನುತ್ತ ಹೋದ ಬಡಗಿ ತೋನು.
ಒಬ್ಬೊಬ್ಬರನ್ನೂ ಅರ್ಧ ಬರೆಯುವಷ್ಟರಲ್ಲಿ
ಇನ್ನರ್ಧ ಬೀದಿ ತಿರುಗಿಬಿಡುತ್ತಿತ್ತು.

ಮೀನು ಮಾರುವ ಲೇನು ನೋಡಿದಳು, ನೋಡಿದಳು,
ತಡೆಯಲಾಗಲಿಲ್ಲ.
"ಇದನ್ನು ಬೆರೆಸಿ ಸ್ವಾಮಿ.
ನನ್ನ ಗಂಡನೂ ಹೀಗೇ, ಇದಿಲ್ಲದೆ ಕರಗುವುದಿಲ್ಲ"
ಎಂದು ಲಂಗದ ಮಡಿಕೆಯಿಂದ ಬಾಟಲಿ ತೆಗೆದು
ಬಟ್ಟಲಿಗೆ ಮೂರು ಬೆರಳು ವೋಡ್ಕಾ ಸುರಿದಳು.
ಬಣ್ಣ ಹರಿಯಿತು.
"ಎಷ್ಟಾಯಿತು?"
"ದುಡ್ಡು ಬೇಡ. ನನ್ನನ್ನೂ ಅದರಲ್ಲಿ ಹಾಕಿ.
ನನ್ನ ಮೀನನ್ನೂ. ಹತ್ತೊಂಬತ್ತಿವೆ, ಎಣಿಸಿಕೊಳ್ಳಿ."

ಮೂರು ದಿನ ದಿನಕ್ಕೆ ಮೂರು ಬೆರಳು.
ಮೂರು ದಿನ ಅವನು ಕಲ್ಲು ಬರೆದ.
ಸುಣ್ಣಕಲ್ಲಿಗೆ ಬೂದಿ, ಅದರಂಚಿಗೆ ನಸುನೇರಳೆ;
ಹದಿನಾಲ್ಕು ಕಿಟಕಿ, ಸರಳು ಸಹಿತ;
ಗಡಿಯಾರದಲ್ಲಿ ಹನ್ನೊಂದೂಕಾಲು;
ಗೋಪುರದ ತುದಿಯಲ್ಲಿ ತಗಡಿನ ಹುಂಜ,
ಒಂಟಿ ಕೂದಲಿನ ಕುಂಚದಿಂದ
ಅದಕ್ಕೊಂದು ಜುಟ್ಟು, ಅದಕ್ಕೊಂದು ಕೊಕ್ಕು.
ಆಕಾಶವನ್ನು ಕೊನೆಗಿಟ್ಟುಕೊಂಡಿದ್ದ,
ಸುಲಭ ಅಂತ.

ನಾಲ್ಕನೆಯ ಬೆಳಿಗ್ಗೆ ಲೇನು ಬಗ್ಗಿ ನೋಡಿದಳು.
"ನಾನೆಲ್ಲಿ?"
ತೋರಿಸಿದ: ಕೆಂಪು ಶಾಲು, ಒಂದೇ ಗೀಟು.
ಪಕ್ಕದಲ್ಲಿ ಮೂರು ಬೂದು ಚುಕ್ಕೆ.
"ಮೂಗೆಲ್ಲಿ?"
"ಇಷ್ಟು ದೂರದಿಂದ ಮನುಷ್ಯರಿಗೆ ಮೂಗಿರುವುದಿಲ್ಲಮ್ಮ."
ಅವಳು ತಲೆಯೆತ್ತಿ ಗೋಪುರ ನೋಡಿದಳು.
ತಗ್ಗಿಸಿ ಕಾಗದ ನೋಡಿದಳು.
"ಹುಂಜಕ್ಕೆ ಕೊಕ್ಕಿದೆ."

ಅವನು ಕುಂಚ ಒರೆಸಿದ. ಒರೆಸಿದ್ದನ್ನೇ ಒರೆಸಿದ.
"ಉಳಿದ ಹದಿನಾರು ಮೀನನ್ನು ಯಾವ ಬೆಕ್ಕು ತಿಂದಿತೋ"
ಅಂದವಳೇ ಬಾಟಲಿಗೆ ಬಿರಡೆ ಜಡಿದು
ಬುಟ್ಟಿ ಹೊತ್ತು ನಡೆದಳು.
ಅಂದು ಆಕಾಶಕ್ಕೆ ಬರೀ ನೀರು.
ಹಚ್ಚಿದ್ದೇ ತಡ, ಕಾಗದದ ಮೇಲೆ ಚಳಿ ಕುಳಿತು
ತಾನೇ ಬರೆಯತೊಡಗಿತು:
ಜರೀಗಿಡ, ಎಲೆಯೊಳಗೆ ಎಲೆ, ಮುಳ್ಳಿನೊಳಗೆ ಮುಳ್ಳು,
ಅಳಿಸಲಿಕ್ಕೆ ಬಾರದ್ದು.

ಮುಂದೊಂದು ಬೇಸಿಗೆ ಸಿಡಿಲು ಬಡಿದು ಗೋಪುರ ಉರಿಯಿತು.
ಮತ್ತೆ ಕಟ್ಟುವವರು ಈ ಚಿತ್ರ ತರಿಸಿ
ಭೂತಗನ್ನಡಿಯಲ್ಲಿ ಕಿಟಕಿ ಎಣಿಸಿದರು,
ಕೊಕ್ಕಿನ ಉದ್ದ ಅಳೆದು ತಗಡು ಕತ್ತರಿಸಿದರು.
ಮೀನು ಎಣಿಸಲು ಯಾರಿಗೂ ಹೇಳಿರಲಿಲ್ಲ.

ಆ ಕೆಂಪು ಬಿಸಿಲು ತಾಳುವ ಕೆಂಪಲ್ಲ.
ನೂರೆಂಬತ್ತು ವರ್ಷದ ಕೊನೆಗೆ ಲೇನು
ಹಾಲಿನ ಲೋಟದಲ್ಲಿ ಉಳಿದ ತುಟಿಗುರುತಿನಷ್ಟೇ ಇದ್ದಾಳೆ.
ಸಂಗ್ರಹಾಲಯದ ಮಾರೆಟ್, ಹತ್ತಿ ಕೈಗವಸು ತೊಟ್ಟು,
ಡ್ರಾಯರ್ ಎಳೆದು ಕಾರ್ಡು ತುಂಬುತ್ತಾಳೆ:
ಹಾನಿ, ಮೇಲ್ಭಾಗದಲ್ಲಿ ಹಿಮದ ಕಲೆ.
ವಸ್ತು, ಇಗರ್ಜಿ.
ಮಾಧ್ಯಮ, ಜಲವರ್ಣ.

ಹುಂಜದಿಂದ ಮೇಲಕ್ಕೆ ಮಾತ್ರ
ಅದು ನಿಜ.